ದೇಣಿಗೆ ಕೊಟ್ಟವರು ಓದೋಕೂ ದುಡ್ಡು ಕೊಡಬೇಕಾ?

ಹೋದ ವರ್ಷ ಒಂದು ಓಟಕ್ಕೆ ಹೋಗಿದ್ದೆ. ಓಡೋಕಲ್ಲ, ನೀರಿನ ಬಾಟಲಿ ಹಂಚೋಕೆ. ಬ್ರಿಟನ್ನಿನ ಒಂದು ಲ್ಯಾಬಿನಲ್ಲಿ ಕಿಡ್ನಿ ಕಾಯಿಲೆ ಮೇಲೆ ಕೆಲಸ ಮಾಡುತ್ತೇನೆ. ನನ್ನ ಸಂಬಳ ಸರ್ಕಾರದ್ದಲ್ಲ, ಒಂದು ಚಾರಿಟಿಯದ್ದು. ಅಂದರೆ ಜನ ಓಡಿ, ಕೇಕ್ ಮಾರಿ, ತಲೆ ಬೋಳಿಸಿಕೊಂಡು, ಸತ್ತವರ ಉಯಿಲಿನಲ್ಲಿ ಬರೆಸಿ ಒಟ್ಟು ಮಾಡಿದ ದುಡ್ಡು. ಅದಕ್ಕೇ ವರ್ಷಕ್ಕೊಮ್ಮೆ ನಮ್ಮನ್ನೂ ಕರೆಯುತ್ತಾರೆ, ದುಡ್ಡು ಕೊಟ್ಟವರ ಮುಖ ನಾವೂ ನೋಡಲಿ ಅಂತ.

ಅಲ್ಲೊಬ್ಬರು ಹೆಂಗಸು ಬಂದರು. ಟೀ ಶರ್ಟಿನ ಬೆನ್ನಿಗೆ ನಾಲ್ಕು ಸೇಫ್ಟಿ ಪಿನ್ ಚುಚ್ಚಿ ಒಂದು ಕಾಗದ ಅಂಟಿಸಿದ್ದರು, ಮಾರ್ಕರ್‌ನಲ್ಲಿ "ನನ್ನ ತಮ್ಮನಿಗಾಗಿ" ಅಂತ ಬರೆದಿತ್ತು, ಮಳೆಗೆ ಅರ್ಧ ಅಕ್ಷರ ಇಳಿದುಹೋಗಿತ್ತು. ತಮ್ಮ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾನಂತೆ. "ನೀವು ಕಂಡುಹಿಡಿದಿದ್ದನ್ನ ನಾನು ಓದಬಹುದಾ?" ಅಂತ ಕೇಳಿದರು. ನನಗೆ ಖುಷಿಯಾಯಿತು. ಹೊಸದಾಗಿ ಬಂದಿದ್ದ ನಮ್ಮ ಪೇಪರಿನ, ಅಂದರೆ ಸಂಶೋಧನಾ ಲೇಖನದ, ಲಿಂಕ್ ಅಲ್ಲೇ ನಿಂತು ಕಳಿಸಿದೆ.

ಮಾರನೇ ದಿನ ಅವರ ಮೇಲ್. ಒಂದು ಸ್ಕ್ರೀನ್‌ಶಾಟ್. ಮೇಲೆ ಹತ್ತು ಸಾಲಿನ ಸಾರಾಂಶ, ಕೆಳಗೆ ಬೂದು ಬಣ್ಣದ ಒಂದು ಡಬ್ಬಿ: ಇಪ್ಪತ್ತನಾಲ್ಕು ಗಂಟೆ ಓದೋಕೆ ಮೂವತ್ತು ಪೌಂಡಿಗೂ ಜಾಸ್ತಿ. ಅದರ ಕೆಳಗೆ ಅವರು ಒಂದೇ ಸಾಲು ಬರೆದಿದ್ದರು. "ಇದಕ್ಕೆ ನಾವು ಒಂದು ಸಲ ದುಡ್ಡು ಕೊಟ್ಟಾಗಿದೆ ಅಂದುಕೊಂಡಿದ್ದೆ, ಬೇಸರ ಮಾಡ್ಕೋಬೇಡಿ, ಸುಮ್ನೆ ಕೇಳಿದೆ."

ನಾನು ಇಲ್ಲಿ ಪ್ರಕಾಶಕರನ್ನ ಬೈದು ಲೈಕ್ ತಗೊಳ್ಳಬಹುದಿತ್ತು. ಆದರೆ ತಪ್ಪು ನನ್ನದೇ ಇತ್ತು.

ಆಗಿದ್ದೇನೆಂದರೆ, ಪೇಪರ್ ಒಪ್ಪಿಗೆಯಾದ ಮೇಲ್ ಬಂದಾಗ ರಾತ್ರಿ ಹನ್ನೊಂದಾಗಿತ್ತು. ಎರಡು ವರ್ಷ ಮೂರು ಜರ್ನಲ್‌ಗಳ (ಸಂಶೋಧನಾ ಪತ್ರಿಕೆಗಳ) ಬಾಗಿಲು ತಟ್ಟಿ ವಾಪಸ್ ಬಂದಿದ್ದ ಪೇಪರ್ ಅದು. ಜೊತೆಗೊಂದು ಫಾರ್ಮ್. ಎರಡು ಆಯ್ಕೆ. ಒಂದರಲ್ಲಿ, ಪೇಪರನ್ನ ಎಲ್ಲರಿಗೂ ಪುಕ್ಕಟೆ ತೆರೆದಿಡೋಕೆ ನಾವು ಕಟ್ಟಬೇಕಾದ ಮೂರು ಸಾವಿರ ಪೌಂಡ್ ದಾಟಿದ ಶುಲ್ಕ, ಇನ್ನೊಂದರಲ್ಲಿ ಸೊನ್ನೆ. ನಾನು ಸೊನ್ನೆಗೆ ಟಿಕ್ ಹಾಕಿ ಸಹಿ ಮಾಡಿ ಮಲಗಿದೆ. ಆ ಸೊನ್ನೆಯ ಅರ್ಥ ಹಕ್ಕು ಪೂರ್ತಿ ಅವರದ್ದು, ಜರ್ನಲ್ ಒಪ್ಪಿಕೊಂಡ ನನ್ನದೇ ಪ್ರತಿಯನ್ನೂ ಹನ್ನೆರಡು ತಿಂಗಳು ನಾನು ಎಲ್ಲೂ ಹಾಕುವ ಹಾಗಿಲ್ಲ ಅಂತ. ನಮ್ಮ ಗ್ರ್ಯಾಂಟಿನ (ಸಂಶೋಧನೆಗೆ ಚಾರಿಟಿ ಕೊಟ್ಟ ಹಣದ) ಷರತ್ತೋ, ಪ್ರಕಟವಾದ ದಿನವೇ ಎಲ್ಲರಿಗೂ ಸಿಗಬೇಕು ಅನ್ನುತ್ತದೆ. ಎರಡೂ ಕಡೆ ಸಹಿ ನನ್ನದೇ.

ಲೈಬ್ರರಿಯಲ್ಲಿ ಇದನ್ನೇ ನೋಡಿಕೊಳ್ಳುವ ಒಬ್ಬರಿದ್ದಾರೆ. ತಾಳ್ಮೆಯ ಮನುಷ್ಯ. "ಕಳಿಸುವಾಗಲೇ ಆ ವಾಕ್ಯ ಹಾಕಿದ್ರಾ?" ಅಂತ ಕೇಳಿದರು. ಯಾವ ವಾಕ್ಯ? ನಾನು ಪಿಳಿಪಿಳಿ ನೋಡಿದೆ. ಕೊನೆಗೆ ಆಗಿದ್ದು, ಶುಲ್ಕ ಕಟ್ಟಿ ಪೇಪರ್ ತೆರೆಸಿದ್ದು. ಅದೂ ಚಾರಿಟಿಯ ದುಡ್ಡಲ್ಲಿ ಅಲ್ಲ, ಯಾಕೆಂದರೆ ಅದು ಹೈಬ್ರಿಡ್ ಜರ್ನಲ್, ಅಂಥದ್ದಕ್ಕೆ ಅವರು ಕೊಡೋದಿಲ್ಲ. ನಮ್ಮ ಬಾಸ್ ಲ್ಯಾಬಿನ ಬೇರೆ ಕಡೆಯಿಂದ ಕೂಡಿಸಿ ಕೊಟ್ಟರು. ಒಂದು ಮಾತೂ ಆಡಲಿಲ್ಲ. ಮುಂದಿನ ಮೂರು ತಿಂಗಳು ಫ್ರಿಡ್ಜಿನಲ್ಲಿ ಪ್ರಯೋಗಕ್ಕೆ ಬೇಕಾದ ಆಂಟಿಬಾಡಿಯ ಸಣ್ಣ ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದು ತಳದಲ್ಲಿ ಎಷ್ಟು ಉಳಿದಿದೆ ಅಂತ ನೋಡುವಾಗೆಲ್ಲ ಆ ಫಾರ್ಮ್ ನೆನಪಾಗುತ್ತಿತ್ತು.

ಹೈಬ್ರಿಡ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಲೈಬ್ರರಿಗಳಿಂದ ಚಂದಾ ವಸೂಲಿ ಮಾಡುವ ಜರ್ನಲ್, ಅದರೊಳಗೆ ಒಂದೊಂದು ಪೇಪರಿಗೆ ಬರೆದವರಿಂದಲೂ ದುಡ್ಡು ತಗೊಂಡು ಅದನ್ನ ಮಾತ್ರ ತೆರೆದಿಡುತ್ತದೆ. ಓದೋರೂ ಕೊಡಬೇಕು, ಬರೆಯೋರೂ ಕೊಡಬೇಕು. ಬಂದ ಪೇಪರ್ ಸರಿ ಇದೆಯಾ ಅಂತ ಪರಿಶೀಲನೆ ಮಾಡುವ ನಮ್ಮಂಥವರು ಮಾತ್ರ ಪುಕ್ಕಟೆ ದುಡಿಯಬೇಕು. ಈ ವ್ಯಾಪಾರ ಹೊಳೆದವನ ತಲೆಗೆ ಒಂದು ನಮಸ್ಕಾರ.

ಚಾರಿಟಿಗಳು ಇದನ್ನ ಬೇಗ ಗುರುತಿಸಿದವು, ಆದರೆ ಬಹಳ ವರ್ಷ ಕೊಡುತ್ತಲೂ ಹೋದವು. ವೆಲ್‌ಕಮ್ ಟ್ರಸ್ಟ್ ಅನ್ನೋ ಬ್ರಿಟನ್ನಿನ ದೊಡ್ಡ ಚಾರಿಟಿ 2005ರಲ್ಲೇ, ನಮ್ಮ ದುಡ್ಡಲ್ಲಿ ಮಾಡಿದ ಸಂಶೋಧನೆ ಎಲ್ಲರಿಗೂ ಸಿಗಬೇಕು ಅಂತ ಕಡ್ಡಾಯ ಮಾಡಿತು. ಆಗ ಪ್ರಕಟವಾದ ಮೇಲೆ ಆರು ತಿಂಗಳ ಗಡುವಿತ್ತು. 2007ರಲ್ಲಿ ಯುಕೆ ಪಬ್‌ಮೆಡ್ ಸೆಂಟ್ರಲ್ ಅಂತ ಒಂದು ಉಚಿತ ಭಂಡಾರ ಶುರುವಾಯಿತು, ಈಗ ಅದೇ ಯೂರೋಪ್ ಪಿಎಂಸಿ. ಆದರೂ ಸಂಶೋಧಕರು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. 2012ರಲ್ಲಿ ವೆಲ್‌ಕಮ್, ಪೇಪರ್ ತೆರೆದಿಡದಿದ್ದರೆ ಗ್ರ್ಯಾಂಟಿನ ಕೊನೆಯ ಶೇಕಡಾ 10 ತಡೆಹಿಡಿಯುತ್ತೇವೆ ಅಂದಿತು ನೋಡಿ, ಆಗ ಎಲ್ಲರಿಗೂ ಎಚ್ಚರವಾಯಿತು. 2014ರಲ್ಲಿ ಆರು ಚಾರಿಟಿ ಸೇರಿ ಶುಲ್ಕ ಕಟ್ಟೋಕೆ ಅಂತಲೇ ಒಂದು ಜಂಟಿ ನಿಧಿ ಮಾಡಿದವು, ಕ್ಯಾನ್ಸರ್ ರಿಸರ್ಚ್ ಯುಕೆ, ಬ್ರಿಟಿಷ್ ಹಾರ್ಟ್ ಫೌಂಡೇಶನ್ ಎಲ್ಲ ಅದರಲ್ಲಿದ್ದವು. 2020ರಲ್ಲಿ ಅದನ್ನ ಮುಚ್ಚಿದರು. 2021ರಿಂದ ವೆಲ್‌ಕಮ್ ನಿಯಮ ಇನ್ನೂ ಬಿಗಿ: ಗಡುವಿಲ್ಲ, ಮೊದಲ ದಿನವೇ ತೆರೆದಿರಬೇಕು, ಸಿಸಿ ಬೈ ಲೈಸೆನ್ಸ್ (ಬರೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಅನ್ನುವ ಅನುಮತಿ) ಇರಬೇಕು.

ನನ್ನ ವಾದ ಇಷ್ಟೇ. ನಿಯಮ ಸರಿಯಾಗಿದೆ. ಅದನ್ನ ಪಾಲಿಸೋದು ಅಂದರೆ ಶುಲ್ಕ ಕಟ್ಟೋದು ಅಂತ ನಾವು ತಿಳಿದುಕೊಂಡಿದ್ದೇವಲ್ಲ, ಅದು ತಪ್ಪು.

ಪರಿಶೀಲಕರು ಕೇಳಿದ್ದನ್ನೆಲ್ಲ ತಿದ್ದಿ ಜರ್ನಲ್ ಒಪ್ಪಿಕೊಂಡ ನಿಮ್ಮದೇ ವರ್ಡ್ ಫೈಲ್ ಇರುತ್ತದಲ್ಲ, ಅದನ್ನ ಯೂರೋಪ್ ಪಿಎಂಸಿಗೆ ಹಾಕಿದರೆ ಮುಗಿಯಿತು. ಷರತ್ತು ಪೂರೈಸಿದ ಹಾಗೆ. ಖರ್ಚು ಸೊನ್ನೆ. ಜರ್ನಲ್‌ನವರ ಚಂದದ ಎರಡು ಕಾಲಮ್ಮಿನ ಅಚ್ಚು ಇರೋದಿಲ್ಲ ಅಷ್ಟೇ, ವಿಷಯ ಅದೇ. ಆದರೆ ಇದಕ್ಕೆ ಹಕ್ಕು ನಿಮ್ಮ ಕೈಯಲ್ಲಿ ಉಳಿದಿರಬೇಕು. ಅದಕ್ಕೇ ಆ ವಾಕ್ಯ. ಪೇಪರ್ ಮೊದಲ ಸಲ ಕಳಿಸುವಾಗಲೇ, ದುಡ್ಡು ಕೊಟ್ಟವರಿಗೆ ಥ್ಯಾಂಕ್ಸ್ ಹೇಳುವ ಜಾಗದಲ್ಲಿ, ಈ ಬರಹದ ಒಪ್ಪಿತ ಪ್ರತಿಗೆ ಲೇಖಕರು ಈಗಾಗಲೇ ಸಿಸಿ ಬೈ ಲೈಸೆನ್ಸ್ ಹಾಕಿದ್ದಾರೆ ಅಂತ ಬರೆಯಬೇಕು. ಬೇಡ ಅನ್ನೋದಾದರೆ ಅವರು ಆಗಲೇ ಅನ್ನಲಿ. ಎರಡು ವರ್ಷ ಕಾಯಿಸಿ, ಒಪ್ಪಿಗೆ ಕೊಟ್ಟು, ರಾತ್ರಿ ಹನ್ನೊಂದಕ್ಕೆ ಫಾರ್ಮ್ ಕಳಿಸಿ ಅನ್ನೋದಲ್ಲ.

ದೊಡ್ಡ ಸಂಸ್ಥೆಗಳಿಗೆ ಶುಲ್ಕ ಒಂದು ಲೆಕ್ಕವೇ ಅಲ್ಲದಿರಬಹುದು. ಸಣ್ಣ ಚಾರಿಟಿಗಳ ಕಥೆ ಬೇರೆ. ಅಪರೂಪದ ಕಾಯಿಲೆ ಇರುವ ಮಗುವಿನ ಅಪ್ಪ ಅಮ್ಮ ಅಡುಗೆಮನೆ ಟೇಬಲ್ ಮೇಲೆ ಶುರು ಮಾಡಿದ ಸಂಸ್ಥೆಗಳಿವೆ. ಅವರು ವರ್ಷವಿಡೀ ಕೂಡಿಸಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯನ್ನ ಸಾಕುತ್ತಾರೆ. ಅವರ ಹತ್ತಿರ ಹೋಗಿ ಪೇಪರ್ ಹಾಕಿಸೋಕೆ ಇನ್ನೊಂದು ಮೂರು ಸಾವಿರ ಕೊಡಿ ಅನ್ನೋಕೆ ಬಾಯಿ ಬರುತ್ತದಾ? ನೇಚರ್ ಅನ್ನೋ ಹೆಸರಾಂತ ಜರ್ನಲ್ 2021ರಲ್ಲಿ ಹೀಗೆ ಶುಲ್ಕ ತಗೊಂಡು ಪೇಪರ್ ತೆರೆದಿಡೋದನ್ನ ಶುರು ಮಾಡಿದಾಗ ಒಂದು ಪೇಪರಿಗೆ 9,500 ಯೂರೋ ಇಟ್ಟಿತ್ತು. ಅಷ್ಟು ಹಣಕ್ಕೆ ಎಷ್ಟು ಜನ ಓಡಬೇಕು, ಎಷ್ಟು ಕೇಕ್ ಮಾರಬೇಕು, ಲೆಕ್ಕ ಹಾಕಿ. ಇನ್ನೊಂದು ಕಷ್ಟ ಯಾರೂ ಹೇಳೋದಿಲ್ಲ: ಪೇಪರ್ ಬರುವ ಹೊತ್ತಿಗೆ ಗ್ರ್ಯಾಂಟ್ ಮುಗಿದಿರುತ್ತದೆ. ಲೆಕ್ಕಪತ್ರ ಮುಚ್ಚಿ, ವಿದ್ಯಾರ್ಥಿ ಬೇರೆ ದೇಶಕ್ಕೆ ಹೋಗಿ, ಆಮೇಲೆ ಬರುತ್ತದೆ ಬಿಲ್. ಯಾರ ಹೆಸರಿಗೆ?

ಗೇಟ್ಸ್ ಫೌಂಡೇಶನ್ 2025ರಿಂದ ಇಂಥ ಶುಲ್ಕ ಕೊಡೋದನ್ನೇ ನಿಲ್ಲಿಸಿದೆ. ಪ್ರಿಪ್ರಿಂಟ್, ಅಂದರೆ ಪರಿಶೀಲನೆಗೆ ಮೊದಲಿನ ಪ್ರತಿ, ಹಾಕಿ, ಸಾಕು ಅನ್ನುತ್ತದೆ. ಮೊದಲು ಕೇಳಿದಾಗ ನನಗೆ ಸಿಟ್ಟು ಬಂದಿತ್ತು, ಶ್ರೀಮಂತರು ಕೈ ಎತ್ತಿಬಿಟ್ಟರಲ್ಲ ಅಂತ. ಈಗ ಅನಿಸುತ್ತದೆ, ಕೊಡುವ ಕೈ ನಿಲ್ಲದೆ ಬೆಲೆ ಇಳಿಯೋದಿಲ್ಲ. ಆದರೆ ಪ್ರಿಪ್ರಿಂಟ್ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನ ಇಲ್ಲ. ಯಾರೂ ಪರಿಶೀಲಿಸದ ವೈದ್ಯಕೀಯ ಬರಹ ರೋಗಿಯ ಕೈಗೆ ನೇರ ಹೋದರೆ ಏನಾಗುತ್ತದೆ ಅಂತ ಕೋವಿಡ್ ಹೊತ್ತಲ್ಲಿ ನೋಡಿದ್ದೇವೆ. ಹಾಕಲಿ, ಆದರೆ ಒಪ್ಪಿತ ಪ್ರತಿಯೂ ಪಕ್ಕದಲ್ಲೇ ಬರಲಿ.

ಸಿಸಿ ಬೈ ಅಂದರೆ ಹಲವರಿಗೆ ಭಯ. "ನಾಳೆ ಔಷಧಿ ಕಂಪನಿಯವರು ನನ್ನ ಕೆಲಸ ಬಳಸಿ ದುಡ್ಡು ಮಾಡ್ತಾರಲ್ಲ?" ಅಂತ ಒಬ್ಬ ಗೆಳೆಯ ಕೇಳಿದ. ಮಾರಾಯ, ಔಷಧಿ ಕಂಪನಿಯವರ ಹತ್ತಿರ ಎಲ್ಲ ಜರ್ನಲ್‌ಗೂ ಚಂದಾ ಕಟ್ಟೋ ಶಕ್ತಿ ಇದೆ. ಪೇವಾಲ್, ಅಂದರೆ ದುಡ್ಡು ಕೊಟ್ಟರೆ ಮಾತ್ರ ಓದು ಅನ್ನುವ ಆ ಗೋಡೆ, ಅವರನ್ನ ಯಾವತ್ತೂ ತಡೆದಿಲ್ಲ. ತಡೆದಿರೋದು ಟೀ ಶರ್ಟಿಗೆ ಕಾಗದ ಚುಚ್ಚಿಕೊಂಡ ಆ ಹೆಂಗಸನ್ನ, ಊರ ಹೊರಗಿನ ಕ್ಲಿನಿಕ್ಕಿನ ಡಾಕ್ಟರನ್ನ, ಡಯಾಲಿಸಿಸ್ ನರ್ಸನ್ನ. ರೋಗಿಯ ಫೋಟೋ ಇರುವ ಪೇಪರಾದರೆ ಮಾತ್ರ ಅನುಮತಿ ಪತ್ರದಲ್ಲೇ ಇದು ಎಲ್ಲರಿಗೂ ಕಾಣುತ್ತದೆ ಅಂತ ಬಿಡಿಸಿ ಹೇಳಬೇಕು. ಅಲ್ಲಿ ಭಯ ಇರಲಿ, ತಪ್ಪಲ್ಲ.

ಇನ್ನು ನಿಜವಾದ ಸಿಕ್ಕು ಎಲ್ಲಿದೆ ಅಂದರೆ ಜರ್ನಲ್ಲಿನ ಹೆಸರಿನಲ್ಲಿ. ಎಲ್ಲಿ ಅಚ್ಚಾಯಿತು ಅನ್ನೋದಕ್ಕಿಂತ ಏನು ಬರೆದಿದೆ ಅಂತ ನೋಡಿ ಅಳೆಯಿರಿ ಅನ್ನುವ ಡೋರಾ ಘೋಷಣೆ 2013ರಲ್ಲೇ ಬಂತು. ಬೇಕಾದಷ್ಟು ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ಆದರೂ ಕೆಲಸದ ಇಂಟರ್‌ವ್ಯೂನಲ್ಲಿ ಸಿವಿ ತಿರುವಿ ಹಾಕುವವರ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಎದುರು ಕೂತವನಿಗೆ ಗೊತ್ತಾಗುತ್ತದೆ. ಓರೆ ಅಕ್ಷರದ ಮೇಲೆ. ಜರ್ನಲ್ ಹೆಸರು ಇರೋದು ಓರೆ ಅಕ್ಷರದಲ್ಲಲ್ವಾ? ನಮಗೆ ಗುತ್ತಿಗೆ ಕೆಲಸ, ಎರಡು ಮೂರು ವರ್ಷಕ್ಕೊಮ್ಮೆ ಹೊಸದು ಹುಡುಕಬೇಕು. ದುಡ್ಡು ಕೊಡುವವರು "ತೆರೆದಿಡು" ಅನ್ನುತ್ತಾರೆ, ಕೆಲಸ ಕೊಡುವವರು "ದೊಡ್ಡ ಹೆಸರು ತಾ" ಅನ್ನುತ್ತಾರೆ, ಮಧ್ಯೆ ಕೂತವನು ಹೈಬ್ರಿಡ್‌ಗೆ ಟಿಕ್ ಹಾಕುತ್ತಾನೆ. ಎಷ್ಟೋ ಸಲ ಈ ಎರಡು ಮಾತನ್ನೂ ಆಡುವವರು ಒಬ್ಬರೇ ಪ್ರೊಫೆಸರ್. ಬೆಳಗ್ಗೆ ಚಾರಿಟಿಯ ಸಮಿತಿಯಲ್ಲಿ ಒಂದು, ಮಧ್ಯಾಹ್ನ ಡಿಪಾರ್ಟ್‌ಮೆಂಟಿನಲ್ಲಿ ಇನ್ನೊಂದು.

ಇದೇ ವರ್ಷ ಹೊಸ ಪೇಪರ್ ಕಳಿಸಿದೆವು. ಆ ವಾಕ್ಯ ಹಾಕಿದ್ದೆ. ನಾಲ್ಕು ದಿನಕ್ಕೆ ಸಂಪಾದಕರ ಕಚೇರಿಯಿಂದ ಮೇಲ್ ಬಂತು, ಇದನ್ನ ತೆಗೆದರೆ ಮುಂದುವರಿಸೋಕೆ ಸುಲಭ ಅಂತ. ಬಾಸ್ ಕಡೆ ನೋಡಿದೆ. ಅವರು ಭುಜ ಹಾರಿಸಿ, "ನೀನೇ ಬರಿ" ಅಂದರು. ತೆಗೆಯೋಕಾಗಲ್ಲ, ದುಡ್ಡು ಕೊಟ್ಟವರ ಷರತ್ತು ಅಂತ ಎರಡು ಸಾಲು ಬರೆದೆ. ಕೈ ಸ್ವಲ್ಪ ನಡುಗಿತ್ತು, ಸುಳ್ಳು ಯಾಕೆ ಹೇಳಲಿ. ವಾರ ಕಳೆದು ಪೇಪರ್ ಪರಿಶೀಲಕರಿಗೆ ಹೋಯಿತು, ಒಪ್ಪಿಗೆಯೂ ಆಯಿತು. ಒಂದು ಪೈಸೆ ಕೊಡದೆ, ಪ್ರಕಟವಾದ ದಿನವೇ ಯೂರೋಪ್ ಪಿಎಂಸಿಯಲ್ಲಿ ಬಂತು.

ಲಿಂಕನ್ನ ಆ ಹೆಂಗಸಿಗೂ ಕಳಿಸಿದೆ. ಓದೋಕೆ ಕಷ್ಟದ ಪೇಪರ್ ಅದು, ನನ್ನ ಹೆಂಡತಿಯೇ ಮೂರನೇ ಸಾಲಿಗೆ ಕೈಬಿಟ್ಟಿದ್ದಳು. ಇವರು ಎರಡು ವಾರ ಬಿಟ್ಟು ಉತ್ತರ ಬರೆದರು. ಮೂರನೇ ಚಿತ್ರದಲ್ಲಿ ನೀಲಿ ಗೆರೆ ಉದ್ದಕ್ಕೆ ಹೋಗುತ್ತದೆ, ಕೆಂಪು ಗೆರೆ ಹದಿನೆಂಟನೇ ತಿಂಗಳಲ್ಲಿ ನಿಂತುಹೋಗಿದೆ, ಆ ರೋಗಿಗಳಿಗೆ ಏನಾಯಿತು, ಅಂತ. ಏನೂ ಆಗಿಲ್ಲ, ಆ ಗುಂಪನ್ನ ನಾವು ಅಲ್ಲಿವರೆಗೆ ಮಾತ್ರ ನೋಡಿದ್ದು. ಅದನ್ನ ನಾವು ಚಿತ್ರದ ಕೆಳಗೆ ಬರೆಯೋದನ್ನೇ ಮರೆತಿದ್ದೆವು.