ಹುಂಜ ಇಲ್ಲದಿದ್ದರೂ ಮೊಟ್ಟೆ ಬರುತ್ತದೆ

‘ಹುಂಜ ಎಷ್ಟೇ ಮೈಮೇಲೆ ಬಂದರೂ ಬೇರೆ ಮಾಡಬೇಡಿ, ಹೇಂಟೆಗಳು ಮೊಟ್ಟೆ ನಿಲ್ಲಿಸುತ್ತವೆ’ ಅನ್ನುವ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಅದು ತಪ್ಪು. ಹುಂಜ ಬೇಕಾಗುವುದು ಮರಿ ಆಗಲು, ಮೊಟ್ಟೆಗಲ್ಲ. ಹುಂಜ, ಹೇಂಟೆ ಎರಡನ್ನೂ ಯಾವಾಗಲೂ ಒಟ್ಟಿಗೇ ನೋಡಿದವರಿಗೆ ಹಾಗನ್ನಿಸುವುದು ಸಹಜ, ಅಲ್ವಾ? ಆದರೆ ಮಕ್ಕಳ ಮುಖಕ್ಕೆ ಎಗರುವ ಹುಂಜವನ್ನು ಈ ಭಯಕ್ಕೆ ಸುಮ್ನೆ ಸಹಿಸಬೇಕಿಲ್ಲ.

ನೀವೇ ಪರೀಕ್ಷಿಸಿ. ಹುಂಜವನ್ನು ಒಂದು ತಿಂಗಳು ಬೇರೆ ಗೂಡಿನಲ್ಲಿಡಿ. ಮೊಟ್ಟೆ ಬರುತ್ತಲೇ ಇರುತ್ತದೆ. (ಗರಿ ಉದುರುವಾಗ, ಕಾವಿಗೆ ಕೂತಾಗ ನಿಲ್ಲುವುದು ಬೇರೆ ಮಾತು.) ಆಮೇಲೆ ಒಂದನ್ನು ತಟ್ಟೆಗೆ ಒಡೆದು, ಹಳದಿಯ ಮೇಲಿನ ಪುಟ್ಟ ಬಿಳಿ ಚುಕ್ಕೆ ನೋಡಿ. ಹುಂಜ ಕೂಡಿದ್ದರೆ ಅದು ಉಂಗುರದ ಹಾಗೆ ಕಾಣುತ್ತದೆ. ಇಲ್ಲದಿದ್ದರೆ ಅಂಚು ಅಂಕುಡೊಂಕು. ಮೊದಲ ಎರಡು-ಮೂರು ವಾರ ಉಂಗುರವೇ ಕಾಣಬಹುದು. ಹೇಂಟೆಯ ದೇಹದಲ್ಲಿ ವೀರ್ಯ ಅಷ್ಟು ದಿನ ಉಳಿಯುತ್ತದೆ.