ಬರೀ 8,400 ಕಿಲೋಮೀಟರ್ ಓಡಿದೆ ಸಾರ್!

ಬೆಳಿಗ್ಗೆ ಕಣ್ಣಿಗೆ ಬಿದ್ದ ಒಂದು ವಿಡಿಯೋ ಸಂಜೆಯಾದರೂ ತಲೆಯಿಂದ ಇಳಿದಿಲ್ಲ. ಒಬ್ಬ ಡೀಲರ್ ಹಾಕಿದ್ದು. ಒಂಬತ್ತು ವರ್ಷದ ಟೂರಿಂಗ್ ಬೈಕು, ಎರಡೂ ಕಡೆ ಪ್ಯಾನಿಯರ್ ಅನ್ನುವ ಸಾಮಾನಿನ ಪೆಟ್ಟಿಗೆ, ಹಿಂದೆ ಟಾಪ್ ಬಾಕ್ಸ್. ಟಯರಿಗೆ ಎಣ್ಣೆ ಸವರಿದ ಹೊಳಪು, ಎಂಜಿನ್ ಮೇಲೆ ಧೂಳಿನ ಸುಳಿವಿಲ್ಲ, ದಿಬ್ಬಣಕ್ಕೆ ಹೊರಟ ಹಾಗೆ ಸಿಂಗಾರ ಮಾಡಿ ನಿಲ್ಲಿಸಿದ್ದಾರೆ. ಕ್ಯಾಮೆರಾ ನೇರ ಮೀಟರಿಗೆ ಹೋಗುತ್ತೆ. ‘ಬರೀ 8,400 ಕಿಲೋಮೀಟರ್ ಓಡಿದೆ ಸಾರ್, ಹೊಸ ಗಾಡಿ ಇದ್ದ ಹಾಗೆ!’ ಕೆಳಗೆ ಸಾಲುಸಾಲು ಬೆಂಕಿ ಎಮೋಜಿ. ಟಯರ್ ಯಾವ ವರ್ಷದ್ದು ಅಂತ ಒಬ್ಬರು, ಒಬ್ಬರೇ ಒಬ್ಬರು ಕೇಳಿಲ್ಲ.

ನನ್ನನ್ನು ಬಲ್ಲವರಿಗೆ ಗೊತ್ತು, ಈ ಮೀಟರ್ ಪುರಾಣ ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತೆ. ಲೆಕ್ಕ ಹಾಕಿ ನೋಡಿ. ಒಂಬತ್ತು ವರ್ಷಕ್ಕೆ 8,400 ಅಂದರೆ ತಿಂಗಳಿಗೆ ಎಂಬತ್ತು ಕಿಲೋಮೀಟರೂ ಇಲ್ಲ. ಒಂದೇ ದಿನದಲ್ಲಿ ಐನೂರು ಕಿಲೋಮೀಟರ್ ಓಡಲಿ ಅಂತ ಮಾಡಿದ ಯಂತ್ರ ಅದು. ಅದನ್ನು ಓಡಿಸಿಲ್ಲ, ನಿಲ್ಲಿಸಿದ್ದಾರೆ. ‘ಎಷ್ಟು ಓಡಿದೆ’ ಅಂತ ಕೇಳುವ ಬದಲು ‘ಎಷ್ಟು ದಿನ ನಿಂತಿತ್ತು’ ಅಂತ ಕೇಳಿ ಸ್ವಾಮಿ. ಡೀಲರ್ ಮುಖ ಒಂದು ಕ್ಷಣ ಹೇಗಾಗುತ್ತೆ ನೋಡಿ.

ನಿಂತ ಗಾಡಿ ಹೊರಗೆ ಕೆಡಲ್ಲ, ಅದೇ ತೊಂದರೆ. ಟಯರಿನಿಂದಲೇ ಶುರು ಮಾಡೋಣ. ಪಕ್ಕದ ಗೋಡೆಯ ಮೇಲೆ ಡಿಒಟಿ ಅಂತ ಅಚ್ಚಾಗಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತೆ. 3416 ಅಂತಿದ್ದರೆ 2016ರ 34ನೇ ವಾರ ತಯಾರಾದದ್ದು. ಒಂದು ಕಡೆ ಕಾಣದಿದ್ದರೆ ಇನ್ನೊಂದು ಕಡೆ ಬಗ್ಗಿ ನೋಡಿ, ಪೂರ್ತಿ ಸಾಲು ಒಂದೇ ಬದಿಯಲ್ಲಿರುವುದು ಮಾಮೂಲು. ಐದಾರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗುತ್ತೆ. ಗ್ರೂವ್ ಎಷ್ಟೇ ಆಳ ಇರಲಿ, ಒದ್ದೆ ರಸ್ತೆಯ ತಿರುವಿನಲ್ಲಿ ಅದು ಕೈ ಕೊಡಬಹುದು. ಉಗುರಿನಿಂದ ಒತ್ತಿ ನೋಡಿ, ಗ್ರೂವಿನ ತಳದಲ್ಲಿ ಸಣ್ಣ ಬಿರುಕು ಹುಡುಕಿ. ಆ ಹೊಳಪಿನ ಸ್ಪ್ರೇ ಹೊಡೆದಿರುವುದೇ ಬಿರುಕು ಕಾಣಬಾರದು ಅಂತ. ಮಧ್ಯದ ಪಟ್ಟಿ ಚಪ್ಪಟೆಯಾಗಿದ್ದರೆ ಗಾಡಿ ಹೆದ್ದಾರಿಯಲ್ಲಿ ನೇರ ಓಡಿದೆ ಅಂತ ಅರ್ಥ, ಅದು ಪಾಪವೇನಲ್ಲ, ಟಯರ್ ಬದಲಿಸಿದರೆ ಮುಗಿಯಿತು.

ಆಮೇಲೆ ಬ್ರೇಕ್ ಆಯಿಲ್. ಡಿಒಟಿ 4 ದರ್ಜೆಯ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತೆ, ಓಡಲಿ ಬಿಡಲಿ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನುವುದು ಅದಕ್ಕೇ. ತೇವ ಸೇರಿದ ಆಯಿಲ್ ಬೇಗ ಕುದಿಯುತ್ತೆ. ಹಿಂದೆ ಸಂಗಾತಿ, ಮೂರು ಪೆಟ್ಟಿಗೆ ತುಂಬ ಸಾಮಾನು, ಉದ್ದದ ಇಳಿಜಾರು. ಅಲ್ಲಿ ಲಿವರ್ ಹ್ಯಾಂಡಲ್‌ಗೆ ತಾಗುವ ತನಕ ಬಂದರೆ ಆಗ 8,400 ಅನ್ನುವ ಅಂಕಿ ಗಾಡಿ ನಿಲ್ಲಿಸುತ್ತಾ? ಹ್ಯಾಂಡಲ್ ಮೇಲಿನ ಸಣ್ಣ ಡಬ್ಬಿಯ ಗಾಜಿನ ಕಿಂಡಿಯಲ್ಲಿ ನೋಡಿ. ತಿಳಿ ಹಳದಿ ಇದ್ದರೆ ಸರಿ, ಕಾಫಿ ಡಿಕಾಕ್ಷನ್ ಬಣ್ಣ ಬಂದಿದ್ದರೆ ಯಾರೂ ಮುಟ್ಟಿಲ್ಲ. ಮುಂದಿನ ಡಬ್ಬಿ ನೋಡಿ ಹಿಂದಿನದನ್ನು ಬಿಡಬೇಡಿ. ಕ್ಲಚ್ಚೂ ಆಯಿಲಿನದ್ದಾದರೆ ಅದೂ ಸೇರಿ ಮೂರು.

ನಿಂತಲ್ಲೇ ಫೋರ್ಕಿನ, ಅಂದರೆ ಮುಂದಿನ ಚಕ್ರ ಹಿಡಿದ ಶಾಕ್ ಅಬ್ಸಾರ್ಬರ್ ಕಂಬಗಳ, ಆಯಿಲ್ ಸೀಲ್ ಒಣಗುತ್ತೆ. ಕ್ರೋಮ್ ಕಂಬದ ಮೇಲೆ ಗುಂಡುಸೂಜಿ ಮೊನೆಯಷ್ಟು ತುಕ್ಕಿನ ಚುಕ್ಕೆ ಏಳುತ್ತೆ. ಹೊಸ ಸೀಲ್ ಹಾಕಿದರೂ ಆ ಚುಕ್ಕೆ ಅದನ್ನು ಕತ್ತರಿಸಿಬಿಡುತ್ತೆ. ಉಗುರನ್ನು ಕಂಬದ ಮೇಲೆ ಮೇಲಿಂದ ಕೆಳಗೆ ಎಳೆಯಿರಿ, ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಗಾಯ ಇದೆ. ಆಮೇಲೆ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಹತ್ತು ಸಲ ಜೋರಾಗಿ ಕೆಳಗೆ ಅದುಮಿ. ಕಂಬದ ಮೇಲೆ ಎಣ್ಣೆಯ ಉಂಗುರ ಮೂಡಿದರೆ ಸೀಲ್ ಹೋಗಿದೆ. ಆ ಎಣ್ಣೆ ಇಳಿದು ಹೋಗುವುದು ಬ್ರೇಕ್ ಪ್ಯಾಡ್ ಕಡೆಗೆ ಅನ್ನುವುದು ನೆನಪಿರಲಿ.

ಟ್ಯಾಂಕ್ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಡಿ. ಒಳಗೋಡೆಯಲ್ಲಿ ಕಂದು ಬಣ್ಣ ಇದ್ದರೆ ತುಕ್ಕು. ಹಳೆಯ ಪೆಟ್ರೋಲ್ ಅಂಟಾಗಿ ಇಂಜೆಕ್ಟರ್ ಕಟ್ಟಿಕೊಳ್ಳುತ್ತೆ. ಮೂಗು ಹತ್ತಿರ ತಂದರೆ ವಾರ್ನಿಷ್ ವಾಸನೆ ಹೊಡೆಯುತ್ತೆ. ಇಷ್ಟಕ್ಕೆ ಮೆಕ್ಯಾನಿಕ್ ಬೇಕಿಲ್ಲ, ಮೂಗು ಸಾಕು.

‘ಅದೆಲ್ಲ ಸರಿ, ಕಡಿಮೆ ಓಡಿದ್ದರೆ ಸವಕಳಿ ಕಡಿಮೆ ಅಲ್ವಾ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಪ್ಪಿದೆ. ಪಿಸ್ಟನ್, ಗೇರ್, ಕ್ಲಚ್ ಪ್ಲೇಟ್ ಮಟ್ಟಿಗೆ ನಿಜ. ಎರಡು ವರ್ಷದ ಗಾಡಿ 8,000 ಓಡಿದ್ದರೆ ನಾನೂ ಕಣ್ಣು ಮಿಟುಕಿಸದೆ ನೋಡುತ್ತೇನೆ. ಆದರೆ ನೀರಿನಲ್ಲಿ ತಣಿಯುವ ದೊಡ್ಡ ಟೂರಿಂಗ್ ಎಂಜಿನ್ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಎಪ್ಪತ್ತು ಸಾವಿರ ಓಡಿದ ಮಾತ್ರಕ್ಕೆ ಮುದುಕಾಗುವುದಿಲ್ಲ. ಬೆಚ್ಚಗಾಗುವ ಮೊದಲೇ ಆಫ್ ಆಗುವ ಸಣ್ಣ ಸಣ್ಣ ಓಟಗಳೇ ಅದಕ್ಕೆ ಹೆಚ್ಚು ಹಾನಿ. ಎಂಜಿನ್ ಆಯಿಲಿನಲ್ಲಿ ಸೇರಿದ ತೇವ ಆವಿಯಾಗಿ ಹೋಗಲು ಅವಕಾಶವೇ ಸಿಗಲ್ಲ. ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಕಟ್ಟಿರುತ್ತಲ್ಲ, ಅದು. ಕೆನೆ ಕಂಡ ತಕ್ಷಣ ಹೆಡ್ ಗ್ಯಾಸ್ಕೆಟ್ (ಎಂಜಿನ್ ಒಳಗೆ ಆಯಿಲ್, ನೀರು ಬೆರೆಯದಂತೆ ತಡೆಯುವ ಪದರ) ಹೋಗಿದೆ ಅಂತ ಕಿರುಚಬೇಡಿ, ಕೂಲೆಂಟ್ ಡಬ್ಬಿಯನ್ನೂ ನೋಡಿ. ಅಲ್ಲಿ ಎಣ್ಣೆ ತೇಲುತ್ತಿದ್ದರೆ ಸುಮ್ಮನೆ ಕೈ ಮುಗಿದು ಹೊರಡಿ.

ಇನ್ನೊಂದು ಮಾತು. ಕಂಪನಿಯ ಸರ್ವಿಸ್ ಪಟ್ಟಿಯಲ್ಲಿ ‘ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಅಂತ ಬರೆದಿರುತ್ತೆ. ಆ ‘ಅಥವಾ’ ಯಾರ ಕಣ್ಣಿಗೂ ಬೀಳಲ್ಲ. ಕಡಿಮೆ ಓಡಿದ ಗಾಡಿಯ ಒಡೆಯ ‘ಇನ್ನೂ ಕಿಲೋಮೀಟರ್ ಆಗಿಲ್ಲ’ ಅಂತ ವರ್ಷಗಟ್ಟಲೆ ಅದೇ ಆಯಿಲಿನಲ್ಲಿ ಇಟ್ಟಿರುತ್ತಾನೆ. ಹೆಚ್ಚು ಓಡಿದ ಗಾಡಿಯಲ್ಲಿ ಕೇಳಬೇಕಾದದ್ದು ಬೇರೆ: ಟ್ಯಾಪೆಟ್ ಚೆಕ್, ಅಂದರೆ ಎಂಜಿನ್ ವಾಲ್ವುಗಳ ಸಂದಿ ಅಳೆದು ನೋಡುವ ಕೆಲಸ, ಆಗಿದೆಯಾ? ಸುಜುಕಿ ವಿ-ಸ್ಟ್ರಾಮ್ 650ರಲ್ಲಿ 24,000 ಕಿಲೋಮೀಟರಿಗೊಮ್ಮೆ, ಡುಕಾಟಿ ಮಲ್ಟಿಸ್ಟ್ರಾಡಾ ವಿ4ನಲ್ಲಿ 60,000ಕ್ಕೊಮ್ಮೆ. ಟ್ಯಾಂಕ್, ಫೇರಿಂಗ್ (ಗಾಡಿಯ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ), ಏರ್ ಬಾಕ್ಸ್ ಎಲ್ಲ ಬಿಚ್ಚಿ ಮಾಡುವ ಕೆಲಸ, ಕೂಲಿ ಜಾಸ್ತಿ. ಎಷ್ಟೋ ಗಾಡಿ ಮಾರಾಟಕ್ಕೆ ಬರುವುದೇ ಆ ಖರ್ಚು ಎದುರಿಗೆ ಬಂದು ನಿಂತಾಗ. ‘ಜನರಲ್ ಸರ್ವಿಸ್ ಮಾಡಿಸಿದ್ದೀವಿ ಸಾರ್’ ಅಂದರೆ ಆಯಿಲ್ ಬದಲಿಸಿ ತೊಳೆದಿದ್ದಾರೆ ಅಂತ ಓದಿಕೊಳ್ಳಿ. ಬಿಲ್ ಕೇಳಿ. ಬಿಲ್ಲಿನಲ್ಲಿ ದಿನಾಂಕದ ಜೊತೆ ಆವತ್ತಿನ ಮೀಟರ್ ಅಂಕಿಯೂ ಇರುತ್ತೆ. ನಾಲ್ಕು ಬಿಲ್ ಜೋಡಿಸಿದರೆ ಓಡೋಮೀಟರ್ ಸುಳ್ಳು ಹೇಳುತ್ತಿದೆಯಾ ಅನ್ನುವುದೂ ಗೊತ್ತಾಗುತ್ತೆ. ಹೌದು, ಡಿಜಿಟಲ್ ಮೀಟರನ್ನೂ ತಿರುಗಿಸುತ್ತಾರೆ. ಫುಟ್‌ರೆಸ್ಟ್ ರಬ್ಬರ್ ಸವೆದು ನುಣ್ಣಗಾಗಿದೆ, ಗೇರ್ ಲಿವರ್ ತುದಿ ಬೋಳಾಗಿದೆ, ಡಿಸ್ಕಿನ ಅಂಚಿನಲ್ಲಿ ದಂಡೆ ಎದ್ದಿದೆ, ಮೀಟರ್ ಮಾತ್ರ 8,400 ಅನ್ನುತ್ತೆ ಅಂದರೆ ಯಾರನ್ನು ನಂಬಬೇಕು? ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಕೊರೆದಿರುತ್ತಾರೆ, ‘ಮಿನ್’ ಅಂತ ಇರುವ ಕಡೆ. 4.5 ಮಿ.ಮೀ. ಅಂತಿದ್ದರೆ ವರ್ನಿಯರ್ ಕ್ಯಾಲಿಪರ್ ಇಟ್ಟು ಅಳೆಯಿರಿ.

ಸರಿ, ಮುಟ್ಟಿ ನೋಡುವ ಕೆಲಸಕ್ಕೆ ಬರೋಣ. ಟೂರಿಂಗ್ ಗಾಡಿಗೆ ಸಾಮಾನ್ಯವಾಗಿ ಸೆಂಟರ್ ಸ್ಟ್ಯಾಂಡ್ ಇರುತ್ತೆ, ಅದು ನಿಮಗೆ ವರ. ಗಾಡಿ ಏರಿಸಿ, ಒಬ್ಬರು ಹಿಂದಿನಿಂದ ಭಾರ ಹಾಕಿದರೆ ಮುಂದಿನ ಚಕ್ರ ನೆಲ ಬಿಡುತ್ತೆ. ಈಗ ಹ್ಯಾಂಡಲನ್ನು ಎರಡು ಬೆರಳಲ್ಲಿ ಹಿಡಿದು ನಿಧಾನಕ್ಕೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ. ಬೆಣ್ಣೆಯಲ್ಲಿ ಸೌಟು ಆಡಿದ ಹಾಗೆ ಹೋಗಬೇಕು. ಸರಿಯಾಗಿ ನಡುವೆ, ಚಕ್ರ ನೇರವಾಗುವ ಜಾಗದಲ್ಲಿ ‘ಟಕ್’ ಅಂತ ಕೂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಗುಳಿ ಬೀಳುವುದು ಅಲ್ಲೇ ಯಾಕೆ? ಗಾಡಿ ಬಹುಪಾಲು ನೇರವೇ ಓಡುತ್ತೆ, ಹೊಂಡದ ಏಟೆಲ್ಲ ಬೇರಿಂಗಿನ ಅದೇ ಜಾಗಕ್ಕೆ ಬೀಳುತ್ತೆ. ಆಮೇಲೆ ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ, ಲಟಪಟ ಅಂದರೆ ಸಡಿಲ. ಟಾಪ್ ಬಾಕ್ಸ್ ತುಂಬಿ, ವೇಗ ಇಳಿಸುವಾಗ ಹ್ಯಾಂಡಲ್ ಅದುರುವುದಕ್ಕೆ ಈ ಕೋನ್ ಸೆಟ್ಟು, ಇಲ್ಲ ಅಂದರೆ ಏರುಪೇರಾಗಿ ಸವೆದ ಮುಂದಿನ ಟಯರು ಕಾರಣವಾಗಿರುವುದೇ ಹೆಚ್ಚು.

ಹ್ಯಾಂಡಲ್ ಕೊನೆಗೆ ತಿರುಗಿದಾಗ ಫ್ರೇಮಿಗೆ ತಾಗುವ ತಡೆ ಇರುತ್ತೆ ನೋಡಿ, ಅದನ್ನು ಬಗ್ಗಿ ನೋಡಿ. ಜಜ್ಜಿದ್ದರೆ, ಅಥವಾ ಅಲ್ಲಿ ಮಾತ್ರ ಹೊಸ ಬಣ್ಣ ಇದ್ದರೆ, ಗಾಡಿ ಜೋರಾಗಿಯೇ ಬಿದ್ದಿದೆ. ಫೇರಿಂಗ್ ಬದಲಿಸುತ್ತಾರೆ, ಲಿವರ್ ಬದಲಿಸುತ್ತಾರೆ, ಈ ತಡೆ ಫ್ರೇಮಿನ ಭಾಗ, ಬದಲಿಸಲಾಗಲ್ಲ. ಅಲ್ಲೇ ಹತ್ತಿರ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಇರುತ್ತೆ. ದಾಖಲೆಯ ಜೊತೆ ಒಂದೊಂದೇ ಹೋಲಿಸಿ. ಆ ನಂಬರ್ ಹಿಡಿದು ಕಂಪನಿಯ ರೀಕಾಲ್ (ದೋಷ ಸರಿಪಡಿಸಲು ಗಾಡಿ ವಾಪಸ್ ಕರೆಯುವುದು) ಬಾಕಿ ಇದೆಯಾ ಅಂತಲೂ ವಿಚಾರಿಸಿ.

ಹಿಂದಿನ ಚಕ್ರದಲ್ಲಿ ಚೈನನ್ನು ಸ್ಪ್ರಾಕೆಟಿನ ಅತಿ ಹಿಂದಿನ ಬಿಂದುವಿನಲ್ಲಿ ಹಿಡಿದು ಹೊರಗೆ ಎಳೆಯಿರಿ. ಅರ್ಧ ಹಲ್ಲಿಗಿಂತ ಹೆಚ್ಚು ಬೆಳಕು ಕಂಡರೆ ಚೈನ್ ಸೆಟ್ ಮುಗಿದಿದೆ. ನಿಂತ ಗಾಡಿಯ ಕಥೆ ಇಲ್ಲೂ ಇದೆ: ಚಕ್ರ ತಿರುಗಿಸಿದರೆ ಕೆಲವು ಕೊಂಡಿ ಬಾಗಿದ್ದು ಬಾಗಿದ ಹಾಗೇ ಉಳಿಯುತ್ತೆ. ಒಳಗಿನ ಗ್ರೀಸ್ ಒಣಗಿದೆ, ಮೇಲೆ ಸ್ಪ್ರೇ ಹೊಡೆದರೆ ಅಲ್ಲಿಗೆ ತಲುಪಲ್ಲ. ಚೈನಿನ ಬದಲು ಶಾಫ್ಟ್ ಡ್ರೈವ್ ಇದ್ದರೆ ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲ್ಲಾಡಿಸಿ, ಚಕ್ರದ ಬಳಿಯ ಗೇರ್ ಪೆಟ್ಟಿಗೆ, ಅಂದರೆ ಫೈನಲ್ ಡ್ರೈವ್ ಸುತ್ತ ಎಣ್ಣೆ ಜಿನುಗಿದೆಯಾ ಅಂತ ಬೆರಳಿನಿಂದ ಸವರಿ ನೋಡಿ. ‘ಶಾಫ್ಟ್ ಸಾರ್, ಏನೂ ಕೆಲಸ ಇರಲ್ಲ’ ಅನ್ನುವವರು ಅದಕ್ಕೂ ಆಯಿಲ್ ಬದಲಿಸಬೇಕು ಅನ್ನುವುದನ್ನು ಹೇಳಲ್ಲ.

ಪ್ಯಾನಿಯರ್ ಬಿಚ್ಚಿಸಿ. ಬಿಚ್ಚಿಸದೆ ಬರಬೇಡಿ. ಭಾರ ಹೊತ್ತು ಹೊತ್ತು ಬಿರುಕು ಬಿಡುವುದು ಅದರ ಹಿಂದಿನ ಸಬ್‌ಫ್ರೇಮ್, ವೆಲ್ಡಿಂಗ್ ಸುತ್ತ. ಸೀಟು ತೆಗೆದು ವೈರಿಂಗ್ ನೋಡಿ. ಫಾಗ್ ಲ್ಯಾಂಪ್, ಬಿಸಿ ಹಿಡಿಕೆ, ಚಾರ್ಜರ್ ಎಲ್ಲ ಹಾಕಿಸಿ, ಮಾರುವಾಗ ಕಿತ್ತುಕೊಂಡು, ಕತ್ತರಿಸಿದ ತುದಿಗೆ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಮಲ್ಟಿಮೀಟರ್ ಜೇಬಲ್ಲಿರಲಿ. ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್ ಹತ್ತಿರ, ಸೆಲ್ಫ್ ಒತ್ತುವಾಗ 10ರ ಕೆಳಗೆ ಹೋಗಬಾರದು, 4,000 ಆರ್‌ಪಿಎಂನಲ್ಲಿ 13.8ರಿಂದ 14.5. ಇದ್ದಬದ್ದ ದೀಪವೆಲ್ಲ ಹಾಕಿಯೂ 13ರ ಕೆಳಗೆ ಇಳಿದರೆ ಕರೆಂಟು ಹುಟ್ಟಿಸುವ ಸ್ಟೇಟರ್ ಅಥವಾ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಮೇಲೆ ಅನುಮಾನ, 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. ಕೀ ಆನ್ ಮಾಡಿದಾಗ ಎಬಿಎಸ್ ದೀಪ ಹತ್ತಬೇಕು, ಗಾಡಿ ಸ್ವಲ್ಪ ಉರುಳಿದ ಮೇಲೆ ಆರಬೇಕು. ಆರದಿದ್ದರೆ ತೊಂದರೆ, ಅದು ಎಲ್ಲರಿಗೂ ಗೊತ್ತು. ಹತ್ತಲೇ ಇಲ್ಲ ಅಂದರೆ ಇನ್ನೂ ದೊಡ್ಡ ತೊಂದರೆ, ಯಾರೋ ದೀಪವನ್ನೇ ಕುರುಡು ಮಾಡಿದ್ದಾರೆ. ಎರಡೂ ಕೀ ಕೇಳಿ. ಕೆಲವು ಯಮಹಾ ಗಾಡಿಗಳಿಗೆ ಹೊಸ ಕೀ ನೋಂದಾಯಿಸಲು ಕೆಂಪು ಕೀ ಬೇಕು, ಅದು ಕಳೆದರೆ ಖರ್ಚು ಎಲ್ಲೆಲ್ಲಿಗೋ ಹೋಗುತ್ತೆ.

ಟೆಸ್ಟ್ ರೈಡ್ ಅಂದರೆ ಅಂಗಡಿ ಮುಂದೆ ಒಂದು ಸುತ್ತಲ್ಲ. ಕನಿಷ್ಠ ಇಪ್ಪತ್ತು ನಿಮಿಷ ಓಡಿಸಿ ಬಂದು, ಆಫ್ ಮಾಡದೆ ನಿಲ್ಲಿಸಿ, ಫ್ಯಾನ್ ತಿರುಗುವ ತನಕ ಕಾಯಿರಿ. ಓಡಿಸುವಾಗ ಟಾಪ್ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ತಿರುವಿ. ಆರ್‌ಪಿಎಂ ಹಾರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡನೇ ಗೇರಿನಲ್ಲಿ ಜೋರಾಗಿ ಎಳೆದಾಗ ಗೇರ್ ತಾನಾಗಿ ಬಿಟ್ಟುಕೊಂಡರೆ ಮಾತು ಬೆಳೆಸಬೇಡಿ, ಎಂಜಿನ್ ಬಿಚ್ಚಬೇಕು.

ಇದೆಲ್ಲಕ್ಕೂ ಮೊದಲು ಮಾಡಬೇಕಾದದ್ದು ಒಂದಿದೆ, ಕೊನೆಗೆ ಬರೆಯುತ್ತಿದ್ದೇನೆ, ಕ್ಷಮಿಸಿ, ಸಿಟ್ಟಿನಲ್ಲಿ ಕ್ರಮ ತಪ್ಪಿತು. ನೋಡಲು ಹೋಗುವ ಮೊದಲೇ ಫೋನ್ ಮಾಡಿ ‘ಗಾಡಿ ಸ್ಟಾರ್ಟ್ ಮಾಡಿಡಬೇಡಿ’ ಅಂತ ಹೇಳಿ. ಹೋದ ತಕ್ಷಣ ಎಂಜಿನ್ ಕವರಿನ ಮೇಲೆ ಅಂಗೈ ಇಡಿ, ತಣ್ಣಗಿರಬೇಕು. ತಣ್ಣನೆ ಎಂಜಿನ್ ಸುಳ್ಳು ಹೇಳಲ್ಲ. ಎಂಜಿನ್ ಒಳಗಿನ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಸೋತಿದ್ದರೆ ಆ ಮೊದಲ ಕೆಲವು ಸೆಕೆಂಡಿನಲ್ಲೇ ಗಲಗಲ ಅನ್ನುತ್ತೆ. ಸೈಲೆನ್ಸರಿನ ನೀಲಿ ಹೊಗೆ, ಸೆಲ್ಫ್ ಒದ್ದಾಟ, ಐಡ್ಲಿಂಗಿನ ಕುಂಟಾಟ ಎಲ್ಲ ಹೊರಬರುವುದು ಆಗಲೇ. ಬಿಸಿಯಾಗಿದ್ದರೆ ‘ಊಟ ಮಾಡಿ ಬರ್ತೀನಿ’ ಅಂತ ಹೇಳಿ ನಾಲ್ಕು ಗಂಟೆ ಬಿಟ್ಟು ಹೋಗಿ.

ಇಷ್ಟು ಬರೆದು ಆ ವಿಡಿಯೋ ಇನ್ನೊಂದು ಸಲ ನೋಡಿದೆ. ಕ್ಯಾಮೆರಾ 8,400ರ ಮೇಲೆ ನಿಂತ ಕ್ಷಣದಲ್ಲಿ, ಅದೇ ಸ್ಕ್ರೀನಿನ ಮೂಲೆಯಲ್ಲಿ ಕೂಲೆಂಟ್ ಟೆಂಪರೇಚರ್ ಕಾಣುತ್ತೆ. ಇನ್ನೂ ಸೆಲ್ಫ್ ಒತ್ತಿಲ್ಲ. 71 ಡಿಗ್ರಿ.