ದೀಪಕ್ಕೆ ನಲವತ್ತು ಕ್ಲಿಕ್, ತೋಡಿ ರಾಗಕ್ಕೆ ಒಂದು

ತುಮಕೂರಿನ ರಾಮೋತ್ಸವದ ಪೆಂಡಾಲಿರಲಿ, ಗುಬ್ಬಿ ವೀರಣ್ಣ ಕಲಾಕ್ಷೇತ್ರವಿರಲಿ, ಸಂಗೀತ ಕಛೇರಿಯ ಫೋಟೋದಲ್ಲಿ ಗಾಯಕರು ಇರಲೇಬೇಕೆಂದೇನಿಲ್ಲ. ದೀಪ, ಮೇಣದಬತ್ತಿ, ಅದನ್ನು ಹಿಡಿದ ಒಂದು ಕೈ, ಆ ಕೈಯ ಮಣಿಕಟ್ಟು ಮುಟ್ಟಿಕೊಂಡ ಹನ್ನೊಂದು ಕೈ. ಇಷ್ಟು ಬಂದರೆ ಆಯಿತು. ಫ್ಯಾನ್ ಗಾಳಿಗೆ ಬತ್ತಿ ಆರಿರುತ್ತದೆ. ಆರಿದ ಬತ್ತಿಯನ್ನೇ ಹಿಡಿದು ಎಲ್ಲರೂ ಕ್ಯಾಮೆರಾ ಕಡೆ ನಗುತ್ತಾರೆ. ಅದಕ್ಕೆ ನಲವತ್ತು ಕ್ಲಿಕ್.

ಹಾಡು ಶುರುವಾದ ಮೇಲಿನದು ತಾಪತ್ರಯ. ಶಾಸ್ತ್ರಪ್ರಕಾರ ಫ್ಲ್ಯಾಶ್ ಆಫ್, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 3200, ಅಪರ್ಚರ್ (ಲೆನ್ಸಿನ ಕಿಂಡಿ) 2.8, ಶಟರ್ ಸೆಕೆಂಡಿನ 1/100. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅದಕ್ಕೇ 1/100. ಸದ್ದಾಗದಿರಲೆಂದು ಎಲೆಕ್ಟ್ರಾನಿಕ್ ಶಟರಿನಲ್ಲಿ 1/500ಕ್ಕೆ ಏರಿಸಿದಿರೋ, ವಿದ್ವಾಂಸರ ಮುಖದ ತುಂಬ ಅಡ್ಡಪಟ್ಟಿ, ಥೇಟ್ ಹುಲಿವೇಷ. ಮೆಕ್ಯಾನಿಕಲ್ ಶಟರಿನಲ್ಲಿ ಪಟ್ಟಿ ಕಡಿಮೆ, ಟಪಟಪ ಜಾಸ್ತಿ. ಆದರೆ ಮೃದಂಗದ ಬೆರಳು ಮಸುಕಾಗದೆ ಬರಬೇಕಾದರೆ 1/500 ಬೇಕೇ ಬೇಕು. ಹಾಗಾಗಿ ಮೆಕ್ಯಾನಿಕಲ್ ಶಟರ್ ಇಟ್ಟುಕೊಂಡು ತನಿ ಆವರ್ತನಕ್ಕೆ, ಅಂದರೆ ಹಾಡು ನಿಂತು ತಾಳವಾದ್ಯವಷ್ಟೇ ನುಡಿಯುವ ಹೊತ್ತಿಗೆ, ಕಾಯಬೇಕು. ಆ ನಾದದಲ್ಲಿ ಶಟರಿನ ಸದ್ದು ಯಾರಿಗೂ ಕೇಳದು. ಎದುರು ನಿಂತರೆ ಗಾಯಕರ ಬಾಯಿಗೆ ಮೈಕೇ ಅಡ್ಡ. ಪಿಟೀಲಿನ ಕಡೆಗೆ ಸರಿದರೆ ಮೃದಂಗದವರ ಮುಖವೂ ಸಿಗುತ್ತದೆ, ಬಲಗೈಯೂ ಸಿಗುತ್ತದೆ.

ಪ್ರಯೋಗವೇ ಬೇರೆ. ಬೆಳಿಗ್ಗೆ ಯಾರದೋ ಧಾರೆ ಮುಗಿಸಿಕೊಂಡು ಬಂದ ಫೋಟೋಗ್ರಾಫರ್ ಸೀದಾ ವೇದಿಕೆ ಹತ್ತಿ, ತಂಬೂರಿಗೂ ಗಾಯಕಿಗೂ ನಡುವೆ ನುಸುಳಿ ಮಂಡಿಯೂರುತ್ತಾರೆ. ತೋಡಿಯ ಗಾಂಧಾರ ಸ್ವರ ಕಂಪಿಸುತ್ತಿರುವಾಗ ಮೂರಡಿ ದೂರದಿಂದ ಫ್ಲ್ಯಾಶ್! ಸೀರೆಯ ಜರಿ ಮಿಂಚು ಹೊಡೆದು, ಮುಖ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಷ್ಟು ಬೆಳ್ಳಗೆ.

"ಮೇಡಂ, ಒಂದ್ನಿಮಿಷ ಬಾಯ್ ಮುಚ್ಕೊಳಿ, ಸ್ಮೈಲ್ ಬರ್ತಿಲ್ಲ."

ಅಂತೂ ತನಿ ಬಂತು, 1/500ರ ಗಳಿಗೆ. ಆಗಲೇ ಮುಖ್ಯ ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮ ನೆನಪಾಗುತ್ತದೆ. ತಾಳದ ನಡುವೆಯೇ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ. ಶಾಲು ಹೊದಿಸಿದ್ದು ಫೋಟೋದಲ್ಲಿ ಸರಿಯಾಗಿ ಬರಲಿಲ್ಲವೆಂದು ತೆಗೆದು ಮತ್ತೆ ಹೊದಿಸುತ್ತಾರೆ, ಆಮೇಲೆ ಬುಟ್ಟಿಯ ಸಮೇತ ಇನ್ನೊಮ್ಮೆ. ಅಷ್ಟರಲ್ಲಿ ಮೃದಂಗದ ಎಡಗಡೆ ನಾದಕ್ಕೆಂದು ಮೆತ್ತಿದ ರವೆ ಒಣಗಿ ಚಕ್ಕೆ ಏಳುತ್ತಿರುತ್ತದೆ. ಮೃದಂಗದವರು ಲೋಟದ ನೀರಲ್ಲಿ ಬೆರಳದ್ದಿ ಸವರುತ್ತಾ ಕೂರುತ್ತಾರೆ. ಇಡೀ ಸಂಜೆಯ ಒಳ್ಳೆಯ ಫೋಟೋ ಅದು, ತೆಗೆಯುವವರಿಲ್ಲ.

ಮರುದಿನ ವಾಟ್ಸಾಪ್ ಗುಂಪಿಗೆ ಬಂದಿದ್ದು ದೀಪದ ಫೋಟೋ: "ಶಾಸ್ತ್ರೀಯ ಸಂಗೀತ ಕಛೇರಿಯಲ್ಲಿ ಗಣ್ಯರು." ಬಲತುದಿಯಲ್ಲಿ ಯಾರದೋ ಮೊಣಕೈ. ಪಿಟೀಲಿನವರದಂತೆ.